ಬಾಗಿಲು ಮುಚ್ಚಿ ಅರ್ಧ ತಾಸು

ದುಂಡೇಶ ಸಾಹೇಬರು ನಮ್ಮ ಮನೆಯ ಒಳಗಿನ ಸೆಕೆಯನ್ನು ಹೊರಗೆ ನಿಂತು ಅಳೆದರು.

ಥರ್ಮಾಮೀಟರ್ ಹಿಡಿದವಳು ನಾನು. ಅಂಕಿ ಬರೆದವಳೂ ನಾನೇ. ಆದ್ದರಿಂದ ಇದರಲ್ಲಿ ಮೊದಲ ತಪ್ಪು ನನ್ನದು ಎಂದು ಈಗಲೇ ಹೇಳಿಬಿಡುತ್ತೇನೆ. ಉಳಿದವರ ತಪ್ಪು ಹೇಳಲು ಆಮೇಲೆ ಹಗುರವಾಗುತ್ತದೆ.

ನನ್ನ ಹೆಸರು ಆಮ್ರಪಾಲಿ. ಗೋಕಾಕದಲ್ಲಿ ನಾವಿರುವ ಜಾಗಕ್ಕೆ ಜನ ಮೂರು ಬಿಲ್ಡಿಂಗ್ ಎನ್ನುತ್ತಾರೆ. ನಲವತ್ತು ವರ್ಷದ ಹಿಂದೆ ಕಟ್ಟಿದ, ಕಲ್ಲಿನ ಗೋಡೆಯ, ಮೂರಂತಸ್ತಿನ ಮೂರು ಕಟ್ಟಡಗಳು. ಎ ಮತ್ತು ಬಿ ರಸ್ತೆಗೆ ಮುಖ ಮಾಡಿವೆ. ಅಲ್ಲಿ ಮಾಸ್ತರರು, ಬ್ಯಾಂಕಿನವರು, ಕಚೇರಿಯವರು. ಸಿ ಹಿಂದೆ, ಗಟಾರದ ಪಕ್ಕ. ಅಲ್ಲಿ ಊರು ಗುಡಿಸುವವರು, ಗೌಂಡಿಗಳ ಕೈಕೆಳಗೆ ದುಡಿಯುವವರು, ಕಬ್ಬು ಕಡಿಯಲು ಹೋಗುವವರು. ಚೀಟಿ ಎತ್ತಿ ಮನೆ ಹಂಚಿದ್ದೆಂದು ಕಾಗದ ಹೇಳುತ್ತದೆ. ನಾನು ಬಿ.ಎಸ್ಸಿಯಲ್ಲಿ ಸಂಭಾವ್ಯತೆ ಓದಿದ್ದೇನೆ. ನಮ್ಮ ಜನರ ಚೀಟಿಗಳೆಲ್ಲ ಹಿಂದಿನ ಕಟ್ಟಡಕ್ಕೇ ಬೀಳುವ ಸಂಭಾವ್ಯತೆ ಎಷ್ಟೆಂದು ಒಮ್ಮೆ ಲೆಕ್ಕ ಹಾಕಿದೆ. ದಶಾಂಶ ಬಿಂದುವಿನ ಆಚೆ ಸೊನ್ನೆ ಬರೆಯುತ್ತಾ ಹೋದೆ. ಹಾಳೆ ಮುಗಿಯಿತು.

ಸಿ ಕಟ್ಟಡದ ಮೇಲಿನ ಅಂತಸ್ತಿನಲ್ಲಿ ಆರು ಮನೆ. ಐದು ನಮ್ಮವರದು. ಆರನೆಯದು ಕುರುಬರ ಫಕೀರವ್ವನದು. ನಮ್ಮ ಮನೆಯಲ್ಲಿ ನಾನು ಮತ್ತು ನಮ್ಮವ್ವ ರಾಯವ್ವ. ಮೇ ತಿಂಗಳಲ್ಲಿ ನಮ್ಮ ತಲೆಯ ಮೇಲಿನ ಛತ್ತು ರೊಟ್ಟಿ ಹಂಚು. ಮಧ್ಯಾಹ್ನ ಫ್ಯಾನ್ ಹಾಕಿದರೆ ಅದು ಮೇಲಿನ ಧಗೆಯನ್ನು ಕೆಳಗೆ ಬಡಿಸುತ್ತದೆ. ಅವ್ವ ಸೀರೆಯ ಸೆರಗು ಒದ್ದೆ ಮಾಡಿ ತಲೆಗೆ ಹಾಕಿಕೊಂಡು ರೊಟ್ಟಿ ಬಡಿಯುತ್ತಾಳೆ. ಬಡಿದು ಮುಗಿಯುವಷ್ಟರಲ್ಲಿ ಸೆರಗು ಒಣಗಿರುತ್ತದೆ.

ಕಳೆದ ವರ್ಷ ಒಂದು ಹೊಸ ನಿಯಮ ಬಂತು. ಹಳೆಯ ವಸತಿ ಕಟ್ಟಡ ದುರಸ್ತಿ ಮಾಡಿದರೆ, ಮೇಲಿನ ಅಂತಸ್ತಿನ ಕೋಣೆ ಹೊರಗಿನ ನೆರಳಿಗಿಂತ ಮೂರು ಡಿಗ್ರಿಗಿಂತ ಹೆಚ್ಚು ಕಾಯಬಾರದು. ಅದಕ್ಕಾಗಿ ಛತ್ತಿನ ಮೇಲೆ ಇಟ್ಟಂಗಿ ಚೂರು ಮತ್ತು ಸುಣ್ಣದ ಗಾರೆ ಹಾಸಿ, ಮೇಲೆ ಬಿಳಿ ಟೈಲ್ಸಿನ ಚೂರು ಕೂರಿಸಬೇಕು. ಬಿಸಿಲು ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ. ಒಳ್ಳೆಯ ನಿಯಮ. ಬರೆದವರು ಯಾರೋ ಬಲ್ಲವರು. ನಾನು ಅದನ್ನು ಮೂರು ಸಲ ಓದಿದೆ. ಏಳನೆಯ ಕಲಮು ನನಗೆ ಬಾಯಿಪಾಠವೇ ಆಯಿತು: ಅಳತೆ ಮಧ್ಯಾಹ್ನ ಮೂರರಿಂದ ನಾಲ್ಕರ ನಡುವೆ ಆಗಬೇಕು; ಉಪಕರಣ ಕೋಣೆಯ ನಡುವೆ, ಸೊಂಟದ ಎತ್ತರದಲ್ಲಿರಬೇಕು; ಬಾಗಿಲು, ಕಿಟಕಿ, ಫ್ಯಾನ್ ಬಂದ್ ಇರಬೇಕು; ಅರ್ಧ ತಾಸು ಆಗಬೇಕು; ಆ ಅರ್ಧ ತಾಸೂ ತಪಾಸಣೆ ಅಧಿಕಾರಿ ಕೋಣೆಯ ಒಳಗಿರತಕ್ಕದ್ದು.

ಗುತ್ತಿಗೆದಾರ ಉದ್ದಪ್ಪ. ಅವನು ಛತ್ತಿಗೆ ಸಾಮಾನು ಹೊರಲು ಸಿ ಕಟ್ಟಡದ ಹೆಂಗಸರನ್ನೇ ಹಿಡಿದ. ಅವ್ವ, ಮತ್ತೆ ಎಂಟು ಜನ. ಮೊದಲು ಎ, ಆಮೇಲೆ ಬಿ, ಕಡೆಗೆ ಸಿ ಎಂದು ಹೇಳಿದ. ಎ ಕಟ್ಟಡದ ಮೆಟ್ಟಿಲಿಗೆ ಆಗಷ್ಟೇ ಹೊಸ ಕಲ್ಲು ಕೂರಿಸಿದ್ದರು. ಗಾರೆಯ ಕಾಲು ಇಟ್ಟರೆ ಹೊಲಸಾಗುತ್ತದೆ, ಹೊರಗಿನ ಕಬ್ಬಿಣದ ಏಣಿಯಿಂದ ಹತ್ತಬೇಕು ಎಂದ. ಗೌಂಡಿಗಳೂ ಗಾರೆಯ ಕಾಲಿನವರೇ. ಅವರು ಮೆಟ್ಟಿಲಿನಿಂದ ಹತ್ತಿದರು.

ಏಣಿಗೆ ನಲವತ್ತಾರು ಹಲ್ಲು. ಹತ್ತು ಗಂಟೆಯ ಮೇಲೆ ಕಬ್ಬಿಣ ಮುಟ್ಟಲು ಆಗುವುದಿಲ್ಲ. ಹೆಂಗಸರು ಅಂಗೈಗೆ ಹಳೆ ಸೀರೆಯ ಚಿಂದಿ ಸುತ್ತಿಕೊಂಡರು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಬುಟ್ಟಿ, ಒಂದು ಕೈ ಬುಟ್ಟಿಗೆ, ಒಂದು ಕೈ ಏಣಿಗೆ. ಅವ್ವನ ವಯಸ್ಸು ಐವತ್ತೆರಡು. ಸಂಜೆ ಅವಳ ಪಾದದ ನಡುವೆ ಅಡ್ಡಗೆರೆ ಮೂಡಿರುತ್ತಿತ್ತು, ಏಣಿಯ ಹಲ್ಲಿನ ಅಳತೆಗೆ ಸರಿಯಾಗಿ. ಸುಣ್ಣ ಬೆರಳ ಸಂದಿ ತಿಂದಿತ್ತು. ನಾನು ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಅವಳು ನಗುತ್ತಿದ್ದಳು. ನಮ್ಮ ಛತ್ತಿನ ಸರದಿ ಬಂದಾಗ ಎರಡು ಬುಟ್ಟಿ ಹೆಚ್ಚಿಗೆ ಹಾಕುತ್ತೇನೆ, ನಿನ್ನ ಹಾಸಿಗೆಯ ಮೇಲೆಯೇ ಹಾಕುತ್ತೇನೆ ಎನ್ನುತ್ತಿದ್ದಳು.

ಎ ಮುಗಿಯಿತು. ಬಿ ಮುಗಿಯಿತು. ಉಳಿದ ಇಟ್ಟಂಗಿ ಚೂರು, ಸುಣ್ಣ, ಟೈಲ್ಸಿನ ಚೀಲ ಎಲ್ಲ ಎ ಕಟ್ಟಡದ ಛತ್ತಿನ ಮೇಲೆ ಉಳಿದವು. ಅಲ್ಲಿ ಸಂಜೆ ಗಾಳಿಗೆ ಕೂರಲು ಒಂದು ಕಟ್ಟೆ ಕಟ್ಟಿಸಬೇಕೆಂದು ಎ ಕಟ್ಟಡದವರು ಕೇಳಿದ್ದರಂತೆ. ಸಿ ಯಾವಾಗ ಎಂದರೆ ಉದ್ದಪ್ಪ ಅಳತೆ ಆಗಲಿ ಎಂದ. ಕಡಿಮೆ ಕಾಯುವ ಕಟ್ಟಡಕ್ಕೆ ಹೊದಿಕೆ ಯಾಕೆ ಬೇಕು ಎಂದ. ಅದೂ ನಿಯಮದಲ್ಲಿ ಇತ್ತು.

ಅಳೆಯುವ ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಅದೇ ಹೊತ್ತಿಗೆ. ಅಳತೆ ಸಹಾಯಕಿ. ಆರು ತಿಂಗಳ ಕರಾರು. ಗೋಕಾಕ ಮುಗಿಸಿ ಮೂಡಲಗಿ, ಅದು ಮುಗಿಸಿ ಹುಕ್ಕೇರಿ. ನನ್ನ ಮೇಲಿನ ಅಧಿಕಾರಿ ಬೆಲ್ಲದ ಬಾಗೇವಾಡಿಯ ದುಂಡೇಶ ಸಾಹೇಬರು. ಕೆಟ್ಟವರಲ್ಲ. ಸಮಯಕ್ಕೆ ಬರುತ್ತಾರೆ, ಬೈಯುವುದಿಲ್ಲ, ಮೋಟಾರ್ ಸೈಕಲ್ಲಿನ ಡಬ್ಬಿಯಲ್ಲಿ ಸದಾ ಕರದಂಟು ಇರುತ್ತದೆ. ಮೊದಲ ದಿನವೇ ನನಗೂ ಒಂದು ತುಂಡು ಕೊಟ್ಟು, ಯಾವ ಊರು ಎಂದು ಕೇಳಿದರು. ನಾನು ನಾಗನೂರ ಎಂದೆ. ಅದು ಅವ್ವನ ತವರು, ಸುಳ್ಳಲ್ಲ. ಇಲ್ಲೇ ಹಿಂದಿನ ಕಟ್ಟಡದಲ್ಲಿ ಇರುತ್ತೇನೆ ಎನ್ನಲಿಲ್ಲ. ಕರದಂಟು ಬಾಯಲ್ಲಿತ್ತು. ಅದು ಮುಗಿದ ಮೇಲೂ ಹೇಳಲಿಲ್ಲ.

ಎ ಕಟ್ಟಡದ ಆರು ಮನೆ ಮೂರು ದಿನ ಅಳೆದೆವು. ಸಾಹೇಬರು ಏಳನೆಯ ಕಲಮನ್ನು ಅಕ್ಷರಕ್ಕೆ ಅಕ್ಷರ ಪಾಲಿಸಿದರು. ಕೋಣೆಯ ನಡುವೆ ಸ್ಟೂಲು, ಬಾಗಿಲು ಬಂದ್, ಅರ್ಧ ತಾಸು. ಮನೆಯವರು ಲಿಂಬು ಪಾನಕ ಕೊಟ್ಟರು. ಅಂಕಿಗಳು 39.1, 38.8, 39.6, 39.4, 38.9, 39.2. ಆರು ಮನೆಗೆ ಆರು ಅಂಕಿ. ಪ್ರಕೃತಿಯ ಸ್ವಭಾವವೇ ಹಾಗೆ. ನನಗೆ ಖುಷಿಯಾಗುತ್ತಿತ್ತು. ಬಿ ಕಟ್ಟಡವೂ ಹಾಗೇ ಆಯಿತು.

ಸಿ ಕಟ್ಟಡಕ್ಕೆ ಬಂದ ದಿನ ಸಾಹೇಬರು ಮೇಲಿನ ಅಂತಸ್ತಿಗೆ ಹತ್ತು ಮೆಟ್ಟಿಲು ಉಳಿದಿರುವಾಗಲೇ ನಿಂತರು. ಅದು ಮೆಟ್ಟಿಲಿನ ತಿರುವು. ಅಲ್ಲಿಯ ಗೋಡೆಗೆ ಮೇಲಿನ ನೀರಿನ ಟಾಕಿ ಹನ್ನೊಂದು ವರ್ಷದಿಂದ ಸೋರುತ್ತಿದೆ. ಹನ್ನೊಂದು ವರ್ಷದಿಂದ ಅರ್ಜಿ ಕೊಡುತ್ತಿದ್ದೇವೆ. ಒದ್ದೆ ಗೋಡೆ, ಎರಡು ಕಡೆ ಗಾಳಿ. ಒದ್ದೆ ಮಣ್ಣಿನ ಕೊಡ ನೀರನ್ನು ಹೇಗೆ ತಂಪಿಡುತ್ತದೋ ಹಾಗೆ ಆ ಜಾಗವೂ ತಂಪು. ಇಡೀ ಕಟ್ಟಡದಲ್ಲಿ ಅದೊಂದೇ.

"ಇಲ್ಲೇ ಹಚ್ಚು," ಎಂದರು ಸಾಹೇಬರು. "ಎಲ್ಲಾ ಒಂದ ಛತ್ತಿನ ಕೆಳಗ ಐತಿ. ಒಳಗ ಹೋಗಾಕ ಏನ್ ಕಾರಣ?"

ನಾನು ಹಚ್ಚಿದೆ. ಕಿಟಕಿಯ ಸರಳಿಗೆ ದಾರ ಕಟ್ಟಿ ಥರ್ಮಾಮೀಟರ್ ತೂಗು ಹಾಕಿದೆ. ಅಷ್ಟರಲ್ಲಿ ಮೇಲೆ ಬಾಗಿಲು ತೆರೆಯಿತು. ಅವ್ವ ತಂಬಿಗೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಸಾಹೇಬರನ್ನು ನೋಡಿದಳು. ನನ್ನನ್ನು ನೋಡಿದಳು. ನನ್ನ ಮುಖದಲ್ಲಿ ಏನಿತ್ತೋ, ಅದನ್ನು ಓದಿಕೊಂಡಳು.

"ಅಕ್ಕಾರ, ನೀರ ಬೇಕೇನ್ರಿ?" ಎಂದಳು.

ಶಾಲೆಯ ಮಾಸ್ತರಿಣಿಯನ್ನು ಕರೆಯುವ ಹಾಗೆ, ಅಕ್ಕಾರ. ನನ್ನನ್ನು ಹೆತ್ತವಳು.

ಬೇಡ ಎಂದರು ಸಾಹೇಬರು. ಬೇಡ ಎಂದೆ ನಾನೂ. ಅವಳು ಬಾಗಿಲು ಮುಂದೆ ಮಾಡಿಕೊಂಡಳು. ಅಂಕಿ 33.4 ಬಂತು. ಆರೂ ಮನೆಗಳ ಮುಂದೆ ಅದನ್ನೇ ಬರೆಯಲು ಹೇಳಿದರು. ಹೊರಗಿನ ನೆರಳು 37.2 ಇತ್ತು. ಬರೆದೆ.

ಸಂಜೆ ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಕ್ಕಾರ ಬಂದ್ರು, ಚಾಪಿ ಹಾಸ್ರಿ ಎಂದು ಗೋಡೆಗೆ ಹೇಳಿದಳು. ನಾನು ನಗಲು ನೋಡಿದೆ, ಆಗಲಿಲ್ಲ. ಆಗ ಅವಳು ನಗು ಬಿಟ್ಟು, ನಮ್ಮ ಮನೆಗೆ ಎಷ್ಟು ಬರೆದೆ ಎಂದು ಕೇಳಿದಳು. ಹೇಳಿದೆ. ಎ ಕಟ್ಟಡಕ್ಕೆ ಎಷ್ಟು ಎಂದಳು. ಅದನ್ನೂ ಹೇಳಿದೆ. ಅವಳಿಗೆ ದಶಾಂಶ ಗೊತ್ತಿಲ್ಲ. ಮೂವತ್ತೊಂಬತ್ತಕ್ಕಿಂತ ಮೂವತ್ತಮೂರು ಸಣ್ಣದೆಂದು ಗೊತ್ತು.

ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ಒಂದು ತಿಂಗಳು ಆ ಕೈ ಹೊತ್ತದ್ದು ಇನ್ನೊಬ್ಬರ ತಂಪು. ಈಗ ಕಾಗದದ ಪ್ರಕಾರ ಅವಳಿಗೆ ಸೆಕೆಯೇ ಇಲ್ಲ.

"ಇದನ್ನ ನೀ ಬರದಿ," ಎಂದಳು. ಕೇಳಲಿಲ್ಲ. ಹೇಳಿದಳು.

ರವಿವಾರ ಮಧ್ಯಾಹ್ನ ಮೂರಕ್ಕೆ ಮನೆಯಲ್ಲಿ ನಾನೇ ಅಳೆದೆ. ಬಾಗಿಲು ಬಂದ್, ಫ್ಯಾನ್ ಬಂದ್, ಅರ್ಧ ತಾಸು. 41.9. ಆ ವಾರ ಕಂಪನಿಯ ಅಳತೆ ಇರಲಿಲ್ಲ; ಉಳಿದ ಐದು ಮನೆಗಳಲ್ಲೂ ದಿನಕ್ಕೊಂದರಂತೆ ಅಳೆದೆ. ಆರು ಮನೆಗೆ ಆರು ಅಂಕಿ ಬಂದವು. ಒಂದೂ ನಲವತ್ತೊಂದಕ್ಕಿಂತ ಕಡಿಮೆ ಇರಲಿಲ್ಲ.

ಮುಂದಿನ ಸೋಮವಾರ ಸಹಿಯ ದಿನ. ಪ್ರತಿ ಕಟ್ಟಡದ ಮೇಲಿನ ಅಂತಸ್ತಿನ ಒಬ್ಬ ನಿವಾಸಿ ಅಳತೆ ಒಪ್ಪಿ ಸಹಿ ಹಾಕಬೇಕು. ಸಿ ಕಟ್ಟಡಕ್ಕೆ ಉದ್ದಪ್ಪ ನಮ್ಮವ್ವನ ಹೆಸರು ಬರೆಸಿದ್ದ. ತನ್ನ ಕೈಕೆಳಗೆ ದುಡಿದವಳು, ಹೇಳಿದಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ ಎಂದು ಅವನ ಎಣಿಕೆ. ಎ ಕಟ್ಟಡದ ಪಡಸಾಲೆಯಲ್ಲಿ ಮೇಜು ಹಾಕಿದ್ದರು. ಎ ಮತ್ತು ಬಿ ಕಟ್ಟಡದವರು ಮೇಲೆ ಹತ್ತಿ, ಕುರ್ಚಿಯಲ್ಲಿ ಕುಳಿತು ಸಹಿ ಹಾಕಿದರು. ಅವ್ವನ ಸರದಿ ಬಂದಾಗ ಉದ್ದಪ್ಪ ಕಾಗದ, ಸ್ಟಾಂಪ್ ಪ್ಯಾಡು ಎರಡನ್ನೂ ಹಿಡಿದು ತಾನೇ ಕೆಳಗಿಳಿದು ಬಂದ. ಅವಳಿಗೆ ಹತ್ತುವ ಕಷ್ಟ ಬೇಡವೆಂದಂತೆ.

ಅವ್ವ ಸ್ಟಾಂಪ್ ಪ್ಯಾಡು ನೋಡಲೂ ಇಲ್ಲ. ಎಷ್ಟು ಬರೆದೀರಿ ಎಂದು ಕೇಳಿದಳು. ಸಾಹೇಬರು ಮೇಲಿನಿಂದ ಅಂಕಿ ಹೇಳಿದರು.

"ಭಾಳ ಚಲೋ ಆತ್ರಿ," ಎಂದಳು ಅವ್ವ. "ನಮ್ಮದು ಮೂವತ್ತಮೂರು, ಎ ದಾಗಿನವರದು ಮೂವತ್ತೊಂಬತ್ತು. ಪಾಪ, ಅವರಿಗೆ ಭಾಳ ಧಗಿ. ಅವರು ನಮ್ಮ ಮನಿಗೆ ಬರಲಿ, ನಾವು ಇಲ್ಲೆ ಇರತೇವಿ. ಸಾಮಾನು ಯಾವಾಗ ಸಾಗಿಸೂಣು?"

ಬಿ ಕಟ್ಟಡದ ಬಾಲ್ಕನಿಯಲ್ಲಿ ಯಾರೋ ನಕ್ಕರು. ಉದ್ದಪ್ಪ ನಗಲಿಲ್ಲ. ಮುದುಕಿ, ಸುಮ್ಮನೆ ಒತ್ತು, ಮುಂದೆ ಕೆಲಸ ಬೇಕೋ ಬೇಡವೋ ಎಂದ.

"ಒತ್ತೂದಿಲ್ಲ. ನನಗ ಸಹಿ ಬರತೈತಿ. ಖರೆ ಬರೀರಿ, ಹಾಕತೇನಿ."

ಸಾಹೇಬರು ನನ್ನ ಕಡೆ ತಿರುಗಿದರು. ಈ ಹೆಂಗಸಿಗೆ ಸ್ವಲ್ಪ ತಿಳಿಸಿ ಹೇಳು ಎಂದರು. ನಾನು ಮೇಜಿನ ಹಿಂದೆ ನಿಂತಿದ್ದೆ. ಅಲ್ಲಿಂದ ಕೆಳಗೆ ಮೂರು ಮೆಟ್ಟಿಲು. ಇಳಿದೆ. ಇಳಿದು ಅವ್ವನ ಪಕ್ಕ ನಿಂತೆ.

"ಸಾಹೇಬ್ರ, ಇಕಿ ನಮ್ಮವ್ವ. ನೀವು ಒಳಗ ಬರಲಿಲ್ಲಲಾ, ಅದು ನಮ್ಮ ಮನಿ."

ಅವರು ನನ್ನನ್ನು ನೋಡಿದರು. ಆ ನೋಟವನ್ನು ವರ್ಣಿಸುವ ಗೋಜಿಗೆ ನಾನು ಹೋಗುವುದಿಲ್ಲ. ಇಷ್ಟು ದಿನ ಒಂದೇ ಡಬ್ಬಿಯ ಕರದಂಟು ತಿಂದಿದ್ದೆವು; ಅವರು ಅದನ್ನು ನೆನೆಸಿಕೊಂಡಂತೆ ಕಂಡಿತು.

ಆಮೇಲೆ ನಾನು ಏಳನೆಯ ಕಲಮನ್ನು ಓದಿದೆ. ಕಾಗದ ಬೇಕಿರಲಿಲ್ಲ. ಅಧಿಕಾರಿ ಕೋಣೆಯ ಒಳಗಿರತಕ್ಕದ್ದು ಎಂಬಲ್ಲಿಗೆ ಬಂದಾಗ ನಿಧಾನ ಮಾಡಿದೆ. ಆರು ಕೋಣೆಗಳು ದಶಾಂಶದವರೆಗೆ ಒಂದೇ ಕಾವು ತೋರುವುದು ಎಲ್ಲಿಯೂ ಇಲ್ಲ, ಮೇಲಿನ ಕಚೇರಿಯಲ್ಲಿ ಯಾರಾದರೂ ಬಲ್ಲವರು ನೋಡಿದರೆ ಮೊದಲು ಕೇಳುವುದೇ ಅದನ್ನು ಎಂದೆ. ಹೊದಿಕೆ ಹಾಕಿದ ಛತ್ತಿಗಿಂತ ಹಾಕದ ಛತ್ತು ತಂಪಾದರೆ ನಿಮ್ಮ ಯೋಜನೆಯೇ ಯಾತಕ್ಕೆ ಎಂದು ಎರಡನೆಯದಾಗಿ ಕೇಳುತ್ತಾರೆ ಎಂದೆ. ಆರು ಮನೆಗಳ ನನ್ನ ಅಂಕಿಗಳನ್ನು ಕೊಟ್ಟೆ.

ಸಾಹೇಬರು ಗಡಿಯಾರ ನೋಡಿದರು. ಎರಡೂ ಮುಕ್ಕಾಲು. ಬೇರೆ ದಾರಿ ಇರಲಿಲ್ಲ. ನಡೀರಿ ಎಂದರು. ಅಲ್ಲಿಯವರೆಗೆ ನನಗೆ ನಡಿ ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಒಂದೇ ಕುರ್ಚಿ, ಪ್ಲಾಸ್ಟಿಕ್ಕಿನದು. ಅದನ್ನು ಕೋಣೆಯ ನಡುವೆ ಇಟ್ಟು, ಸೊಂಟದ ಎತ್ತರಕ್ಕೆ ಬರಲೆಂದು ನನ್ನ ಭೌತಶಾಸ್ತ್ರದ ಎಲ್ಲ ಪುಸ್ತಕಗಳನ್ನು ಪೇರಿಸಿ, ಮೇಲೆ ಥರ್ಮಾಮೀಟರ್ ನಿಲ್ಲಿಸಿದೆ. ಕುರ್ಚಿ ಉಪಕರಣದ ಪಾಲಾಯಿತು. ಸಾಹೇಬರು ಹೊಸ್ತಿಲ ಮೇಲೆ ನಿಂತು ನೆಲ ನೋಡುತ್ತಿದ್ದರು. ಅವ್ವ ಬೆಳಿಗ್ಗೆಯಷ್ಟೇ ಒರೆಸಿದ ನೆಲ. ಗೋಡೆಯ ಮೇಲಿಂದ ಬಾಬಾಸಾಹೇಬರ ಫೋಟೋ ನಮ್ಮೆಲ್ಲರನ್ನೂ ನೋಡುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯ ಫಕೀರವ್ವ ಓಡಿ ಬಂದಳು. ಕೈಯಲ್ಲಿ ಕರಿ ಕಂಬಳಿ. ಸಾಹೇಬರ ಸಂಕಟ ಅವಳಿಗೆ ತಿಳಿದಿತ್ತು. ಅವಳ ಮನೆತನದಲ್ಲಿ ಇಂಥ ಸಂಕಟಕ್ಕೆಲ್ಲ ಇದೇ ಮದ್ದು.

"ಕಂಬಳಿಗೆ ಮೈಲಿಗಿ ಹತ್ತೂದಿಲ್ರಿ ಸಾಹೇಬ್ರ," ಎಂದು ಹಾಸಿದಳು. "ಇದರ ಮ್ಯಾಲ ಕುಂದರ್ರಿ."

ಸಾಹೇಬರ ಮುಖ ಸಡಿಲವಾಯಿತು. ಒಂದು ಕಾಲು ಒಳಗಿಟ್ಟರು. ಅವ್ವ ಬಗ್ಗಿದಳು. ಕಂಬಳಿಯ ಮೂಲೆ ಹಿಡಿದು ಎತ್ತಿದಳು. ಕೊಡವಿದಳು. ನಾಲ್ಕು ಮಡಿಕೆ ಮಾಡಿ ಫಕೀರವ್ವನ ಕೈಗಿಟ್ಟಳು.

"ನಿನ್ನ ಕಂಬಳಿ ಮ್ಯಾಲ ನನಗ ಸಿಟ್ಟಿಲ್ಲ, ಫಕೀರವ್ವ. ಥಂಡ್ಯಾಗ ಹೊಚಗೊಂಡೇನಿ. ನನ್ನ ನೆಲಾ ಮುಚ್ಚಾಕ ತರಬ್ಯಾಡ." ಆಮೇಲೆ ಸಾಹೇಬರಿಗೆ ಹೇಳಿದಳು, "ಬರ್ರಿ. ನೆಲದ ಮ್ಯಾಲ ಕುಂದರ್ರಿ. ಇಲ್ಲಂದ್ರ ಹೋಗ್ರಿ. ನಡಕ ನಿಂದ್ರಬ್ಯಾಡ್ರಿ."

ಫಕೀರವ್ವ ಕಂಬಳಿ ಎದೆಗವಚಿ ಸ್ವಲ್ಪ ಹೊತ್ತು ನಿಂತಳು. ಎಷ್ಟೋ ವರ್ಷದಿಂದ ಪಕ್ಕದ ಮನೆ. ನಮ್ಮಲ್ಲಿ ನಿಂತು ಮಾತಾಡುತ್ತಿದ್ದಳು, ಎಂದೂ ಕುಳಿತವಳಲ್ಲ. ಈಗ ಕಂಬಳಿಯನ್ನು ಹೊರಗಿಟ್ಟು ಬಂದು ಬರಿ ನೆಲದ ಮೇಲೆ ಕಾಲು ಚಾಚಿ ಕುಳಿತಳು.

"ಉಳಕೊಂಡ್ರಿ ಸಾಹೇಬ್ರ," ಎಂದಳು. "ಈ ಧಗ್ಯಾಗ ಉಣ್ಣಿ ಕಂಬಳಿ ಮ್ಯಾಲ ಕುಂತಿದ್ರ ನೀವು ಕುರಿ ಆಗತಿದ್ರಿ."

ಸಾಹೇಬರು ಕುಳಿತರು. ಅವ್ವ ಫ್ಯಾನ್ ಆರಿಸಿದಳು. ನಾನು ಕಿಟಕಿ, ಬಾಗಿಲು ಮುಚ್ಚಿದೆ. ಮೂರು ಗಂಟೆ.

ಹನ್ನೆರಡನೆಯ ನಿಮಿಷಕ್ಕೆ ಸಾಹೇಬರ ಫೋನ್ ಬಂತು. ಮುಖ್ಯವಾದದ್ದು ಎಂದು ಹೊರಗೆ ಹೋದರು. ತಂಪು ತಿರುವಿನಲ್ಲಿ ನಿಂತು, ಇಲ್ಲದ ವಿಷಯವನ್ನೂ ಸೇರಿಸಿ ಮಾತಾಡಿ ಬಂದರು. ಬಾಗಿಲು ತೆರೆದದ್ದರಿಂದ ಅಳತೆ ಕೆಟ್ಟಿತು ಎಂದೆ. ಹನ್ನೆರಡು ನಿಮಿಷ ಆಗಿದೆಯಲ್ಲ ಎಂದರು.

"ಮೊದಲಿಂದ," ಎಂದಳು ಅವ್ವ. ಏಣಿಯ ಅರ್ಧದಲ್ಲಿ ಬುಟ್ಟಿ ಜಾರಿದಾಗ ಉದ್ದಪ್ಪ ಅವಳಿಗೆ ಹೇಳುತ್ತಿದ್ದದ್ದು ಅದೇ ಮಾತು.

ಮೊದಲಿನಿಂದ ಶುರುವಾಯಿತು. ಮೂರೂ ಹದಿನೆಂಟು. ಸಾಹೇಬರ ಅಂಗಿಯ ಬೆನ್ನು ಮೊದಲು ಒದ್ದೆಯಾಯಿತು, ಆಮೇಲೆ ಎದೆ. ಹತ್ತನೆಯ ನಿಮಿಷಕ್ಕೆ ಛತ್ತು ನೋಡಿದರು. ಹದಿನಾರಕ್ಕೆ ಗುಂಡಿ ಬಿಚ್ಚಿದರು. ಫಕೀರವ್ವ ಮೇಲವಂಕಿಯ ಕಡೆ ತನ್ನ ಮಗನ ಕುರಿಗಳು ಹೇಗಿವೆ ಎಂಬುದನ್ನು ಒಂದೊಂದಾಗಿ ಹೇಳುತ್ತಿದ್ದಳು. ಅವ್ವ ತಂಬಿಗೆಯಲ್ಲಿ ನೀರು ತಂದು ಸಾಹೇಬರ ಮುಂದೆ ಇಟ್ಟಳು. ಬೇಕೇನ್ರಿ ಎಂದು ಕೇಳಲಿಲ್ಲ. ಇಪ್ಪತ್ತೆರಡನೆಯ ನಿಮಿಷಕ್ಕೆ ಅವರು ಅದನ್ನು ಎತ್ತಿ ಪೂರ್ತಿ ಕುಡಿದರು. ನಾನು ಅದನ್ನು ದಾಖಲಿಸಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಂ ಇಲ್ಲ.

ಮೂರೂ ನಲವತ್ತೆಂಟಕ್ಕೆ ಅಂಕಿ ಓದಿದೆ. ಒಳಗೆ 42.6. ಹೊರಗಿನ ನೆರಳು 38.1. ನಾಲ್ಕೂವರೆ ಡಿಗ್ರಿ ಹೆಚ್ಚು. ಬರೀರಿ ಎಂದರು ಸಾಹೇಬರು. ಹಳೆಯ ಅಂಕಿಯನ್ನು ಅಳಿಸಲಿಲ್ಲ. ಅಡ್ಡಗೆರೆ ಎಳೆದು, ಮೇಲೆ ಹೊಸದು ಬರೆದು, ಪಕ್ಕದಲ್ಲಿ ತಪ್ಪಾದ ಅಳತೆ ಎಂದು ಬರೆದೆ. ಪ್ರಯೋಗಾಲಯದಲ್ಲಿ ನಮಗೆ ಕಲಿಸಿದ್ದು ಹಾಗೆ. ಅವ್ವ ನೆಲದ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದಳು. ಅವಳ ಹೆಸರಿಗೆ ಮೂರೇ ಅಕ್ಷರ. ಒಂದು ನಿಮಿಷ ತೆಗೆದುಕೊಂಡಳು. ಸಾಹೇಬರು ಕಾದರು.

ಉಳಿದ ಐದು ಮನೆಗಳನ್ನು ಆ ವಾರವೇ ಅಳೆದರು. ನನ್ನನ್ನು ಕರೆಯಲಿಲ್ಲ. ಮೂಡಲಗಿಗೂ ಕರೆಯಲಿಲ್ಲ, ಹುಕ್ಕೇರಿಗೂ ಇಲ್ಲ. ಕರಾರು ಅರ್ಧಕ್ಕೇ ಮುಗಿಯಿತು, ಕಾರಣ ಹೇಳದೆ. ಕಾರಣ ಕೇಳಿ ಅರ್ಜಿ ಹಾಕಿದ್ದೇನೆ. ಟಾಕಿಯ ಅರ್ಜಿಗಳ ಜೊತೆ ಅದೂ ಒಂದು. ಒಂದೊಂದು ಸಲ ಸಾಹೇಬರು ಮೋಟಾರ್ ಸೈಕಲ್ ಮೇಲೆ ಎದುರಾಗುತ್ತಾರೆ. ಡಬ್ಬಿ ಹಾಗೇ ಇದೆ. ನಿಲ್ಲುವುದಿಲ್ಲ.

ಆದರೆ ಸಿ ಕಟ್ಟಡದ ಛತ್ತಿಗೆ ಹೊದಿಕೆ ಮಂಜೂರಾಯಿತು. ಸಾಮಾನು ಎಲ್ಲಿದೆ ಎಂದು ಹುಡುಕುವುದು ಬೇಕಿರಲಿಲ್ಲ. ಎ ಕಟ್ಟಡದ ಛತ್ತಿನ ಮೇಲೆ ಗಾಳಿಗೆ ಕೂರುವ ಕಟ್ಟೆಗೆಂದು ಕಾದು ಕುಳಿತಿತ್ತು. ಅಲ್ಲಿಂದ ಇಳಿಸಿ ತರಬೇಕು. ಉದ್ದಪ್ಪ ಹೆಂಗಸರನ್ನು ಕರೆಸಿ, ಏಣಿ ತೋರಿಸಿದ.

ನಾನೂ ಅಂದು ಬುಟ್ಟಿ ಹಿಡಿದು ಹೋಗಿದ್ದೆ. ಕೆಲಸ ಇರಲಿಲ್ಲವಲ್ಲ. ಅವ್ವ ಏಣಿಯ ಹತ್ತಿರ ಹೋದಳು. ಮೇಲಿನಿಂದ ಕೆಳಗೆ ಅದನ್ನು ನೋಡಿದಳು. ಅಂಗೈಗೆ ಸುತ್ತಿದ್ದ ಚಿಂದಿ ಬಿಚ್ಚಿ ಏಣಿಯ ಮೊದಲ ಹಲ್ಲಿಗೆ ಗಂಟು ಹಾಕಿದಳು. ಆಮೇಲೆ ಪಡಸಾಲೆ ಹತ್ತಿ, ಎ ಕಟ್ಟಡದ ಒಳಗೆ ನಡೆದಳು. ಎಂಟು ಜನ ಅವಳ ಹಿಂದೆ ನಡೆದರು. ನಾನು ಹತ್ತನೆಯವಳು. ಉದ್ದಪ್ಪ ಏನೋ ಕೂಗಿದ. ಎರಡು ಬಾಗಿಲು ತೆರೆದವು, ಒಂದು ಮುಚ್ಚಿತು.

ಹತ್ತುವಾಗ ಬರಿ ಬುಟ್ಟಿ. ಇಳಿಯುವಾಗ ತಲೆಯ ಮೇಲೆ ಇಟ್ಟಂಗಿ ಚೂರು, ಬಿಳಿ ಟೈಲ್ಸು, ಸುಣ್ಣ. ಐವತ್ನಾಲ್ಕು ಮೆಟ್ಟಿಲು, ಎಣಿಸಿದ್ದೇನೆ. ಪ್ರತಿಯೊಂದರ ಮೇಲೂ ಹತ್ತು ಜನರ ಸುಣ್ಣದ ಹೆಜ್ಜೆ ಬಿದ್ದವು. ಮೊದಲ ತಿರುವಿನಲ್ಲಿ ಅವ್ವ ನಿಂತಳು. ಬುಟ್ಟಿ ಅಲುಗದಂತೆ ಒಂದು ಕೈ ಗೋಡೆಗೆ ಕೊಟ್ಟು, ಪಾದವನ್ನು ಪೂರ್ತಿಯಾಗಿ ಹೊಸ ಕಲ್ಲಿನ ಮೇಲೆ ಊರಿದಳು.

"ಆಮ್ರಪಾಲಿ," ಎಂದು ಕರೆದಳು, ಮೂರೂ ಅಂತಸ್ತಿಗೆ ಕೇಳುವ ಹಾಗೆ. "ಇಲ್ಲೆ ತಂಪ ಐತಿ ನೋಡ. ಎಷ್ಟಂತ ಬರಕೋ."